ಹೆಸರಿನೊಳಗೆ ಬಂದ ಪೌಂಡು

ಕಾರವಾರದಲ್ಲಿ ನಾನು ನಡೆಸುವ ಚಿಕ್ಕ ಡಿಟಿಪಿ ಅಂಗಡಿಗೆ ಮೇ ತಿಂಗಳೆಂದರೆ ಮದುವೆಯ ಕರೆಯೋಲೆಗಳ ತಿಂಗಳು. ಕಳೆದ ಹಂಗಾಮಿನಲ್ಲಿ ಒಂದು ಕ್ರೈಸ್ತ ಕುಟುಂಬದವರು ಮುನ್ನೂರು ಲಕೋಟೆಗಳ ಮೇಲೆ ಅತಿಥಿಗಳ ಹೆಸರು, ವಿಳಾಸಗಳನ್ನು ಅಚ್ಚು ಹಾಕಿಸಲು ಬಂದಿದ್ದರು. ವಧುವಿನ ಮನೆ ಇಲ್ಲಿಯೇ. ವರನ ಕಡೆಯವರು ಗಡಿಯಾಚೆ ಗೋವೆಯವರು. ಹೆಸರುಗಳ ಪಟ್ಟಿಯನ್ನು ವರನ ತಂಗಿ ಕೋಷ್ಟಕದ ರೂಪದಲ್ಲಿ ಸಿದ್ಧಪಡಿಸಿ ಇ-ಮೇಲ್‌ನಲ್ಲಿ ಕಳಿಸಿದ್ದರಿಂದ ನನಗೆ ಟೈಪಿಂಗ್ ಕೆಲಸವೇ ಇರಲಿಲ್ಲ. ಪಟ್ಟಿಯನ್ನು ಹಳೆಯದೊಂದು ಪುಟವಿನ್ಯಾಸ ತಂತ್ರಾಂಶಕ್ಕೆ ಜೋಡಿಸಿ, ಒಂದೊಂದು ಲಕೋಟೆಗೆ ಒಂದೊಂದು ಸಾಲು ಹೋಗುವಂತೆ ಮಾಡಿ, ಪ್ರಿಂಟರಿಗೆ ಕೆಲಸ ಒಪ್ಪಿಸಿ ಚಹಾ ಕುಡಿಯಲು ಹೋದೆ.

ಮರುದಿನ ವಧುವಿನ ತಂದೆ ಒಂದು ಲಕೋಟೆಯನ್ನು ಹಿಡಿದುಕೊಂಡು ಮರಳಿ ಬಂದರು. ಅದರ ಮೇಲೆ ವರನ ಅಜ್ಜನ ಹೆಸರಿತ್ತು. ಕೊಂಕಣಿಯಲ್ಲಿ ಜುವಾಂವ್ ಎಂದು ಕರೆಯುವ ಆ ಪೋರ್ಚುಗೀಸ್ ಹೆಸರಿಗೆ ರೋಮನ್ ಲಿಪಿಯಲ್ಲಿ ನಾಲ್ಕೇ ಅಕ್ಷರ: ಜೆ, ಓ, ತಲೆಯ ಮೇಲೆ ಅಲೆಯಂಥ ಗೆರೆ ಹೊತ್ತ ಎ, ಮತ್ತೆ ಓ. ನಾನು ಅಚ್ಚು ಹಾಕಿದ ಲಕೋಟೆಯಲ್ಲಿ ಐದು ಅಕ್ಷರಗಳಿದ್ದವು. ಜೆ ಮತ್ತು ಓ ಆದ ಮೇಲೆ ಅಲೆಗೆರೆಯ ದೊಡ್ಡ ಎ, ಅದರ ಪಕ್ಕದಲ್ಲಿ ಬ್ರಿಟನ್ನಿನ ಪೌಂಡು ಚಿಹ್ನೆ, ಕೊನೆಗೆ ಓ. "ಬೀಗರ ಅಪ್ಪ ಹಡಗಿನ ಮೇಲೆ ದುಡಿದವರು ಹೌದು, ಆದರೆ ಹೆಸರಿನಲ್ಲೇ ಪೌಂಡು ಕಟ್ಟಿಕೊಂಡು ಬಂದವರಲ್ಲ ಮಾರಾಯ್ರೆ," ಎಂದು ಅವರು ನಕ್ಕರು. ಅವರು ನಕ್ಕಿದ್ದರಿಂದ ನನ್ನ ಮಾನ ಉಳಿಯಿತು. ಪಟ್ಟಿಯನ್ನು ತಿರುವಿದಾಗ ಅಂಥ ಲಕೋಟೆಗಳು ನಲವತ್ತಕ್ಕೂ ಹೆಚ್ಚು ಸಿಕ್ಕವು.

ನಾನು ಮೊದಲು ಮಾಡಿದ ತಪ್ಪೆಂದರೆ ಫಾಂಟಿನ ಮೇಲೆ ಅನುಮಾನಪಟ್ಟದ್ದು. ಅಕ್ಷರ ಕೆಟ್ಟರೆ ಫಾಂಟ್ ಬದಲಿಸುವುದು ನಮ್ಮ ಕಸುಬಿನವರಿಗೆ ಕೈಗೆ ಅಂಟಿಕೊಂಡ ಅಭ್ಯಾಸ. ಬದಲಿಸಿದೆ, ಪೌಂಡು ಹೋಗಲಿಲ್ಲ, ಸ್ವಲ್ಪ ದಪ್ಪಗಾಯಿತು ಅಷ್ಟೇ. ಫಾಂಟ್ ಬದಲಿಸಿದ ಮೇಲೂ ಅದೇ ತಪ್ಪು ಅಕ್ಷರ ಬೇರೆ ಉಡುಪಿನಲ್ಲಿ ನಿಂತಿದ್ದರೆ ದೋಷ ಫಾಂಟಿನದಲ್ಲ, ಅದಕ್ಕೂ ಹಿಂದಿನ ಹಂತದ್ದು. ಇಷ್ಟು ತಿಳಿಯಲು ನನಗೆ ಅರ್ಧ ದಿನ ಬೇಕಾಯಿತು. ಆಮೇಲೆ ಕಡತದಲ್ಲಿರುವುದನ್ನು ಅಕ್ಷರವಾಗಿ ತೋರಿಸದೆ ಬರಿಯ ಸಂಖ್ಯೆಗಳಾಗಿ ತೋರಿಸುವ ಒಂದು ತಂತ್ರಾಂಶದಲ್ಲಿ ಆ ಪಟ್ಟಿಯನ್ನು ತೆರೆದೆ. ಅಜ್ಜನ ಹೆಸರಿನ ಜಾಗದಲ್ಲಿ ಐದು ಸಂಖ್ಯೆಗಳಿದ್ದವು: 74, 111, 195, 163, 111.

ಕಡತ ಸರಿಯಾಗಿಯೇ ಇತ್ತು. ನಾಲ್ಕು ಅಕ್ಷರದ ಹೆಸರಿಗೆ ಐದು ಸಂಖ್ಯೆ ಏಕೆ ಬೇಕಾಯಿತು ಎಂಬುದರಲ್ಲೇ ಇಡೀ ಕತೆ ಅಡಗಿದೆ.

ಕಂಪ್ಯೂಟರಿನ ಹೊಟ್ಟೆಯಲ್ಲಿ ಅಕ್ಷರವೆಂಬುದು ಇಲ್ಲ, ಸಂಖ್ಯೆ ಮಾತ್ರ ಇದೆ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಅಂಥ ಒಪ್ಪಂದಗಳಲ್ಲಿ ಇಂದಿಗೂ ಬುನಾದಿಯಾಗಿ ಉಳಿದಿರುವ ಆಸ್ಕಿ 1963ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿ 0ಯಿಂದ 127ರವರೆಗೆ ಒಟ್ಟು 128 ಸ್ಥಾನಗಳು. ಮೊದಲ ಆವೃತ್ತಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳೂ ಇರಲಿಲ್ಲ, ಅವು 1967ರ ಪರಿಷ್ಕರಣೆಯ ಹೊತ್ತಿಗೆ ಬಂದವು. ಇಂಗ್ಲಿಷಿಗೆ ಬೇಕಾದ್ದು ಅಷ್ಟೇ ಆದ್ದರಿಂದ ಅಲೆಗೆರೆ ಹೊತ್ತ ಎ ಅಕ್ಷರಕ್ಕಾಗಲಿ, ಬಾಲವಿರುವ ಸಿ ಅಕ್ಷರಕ್ಕಾಗಲಿ ಅಲ್ಲಿ ಜಾಗ ಸಿಗಲಿಲ್ಲ. ಅದಕ್ಕೊಂದು ಟೈಪ್‌ರೈಟರ್ ಉಪಾಯವನ್ನು ಮಾತ್ರ ಉಳಿಸಿದ್ದರು: ಅಕ್ಷರವನ್ನು ಬಡಿದು, ಒಂದು ಹೆಜ್ಜೆ ಹಿಂದೆ ಬಂದು, ಅದರ ಮೇಲೆಯೇ ಚಿಹ್ನೆಯನ್ನು ಬಡಿಯುವುದು. ಇಂದಿನ ಕೀಲಿಮಣೆಯಲ್ಲಿ ಎಡಗಡೆಯ ಮೂಲೆಯಲ್ಲಿ ಒಂಟಿಯಾಗಿ ಕುಳಿತಿರುವ ಅಲೆಗೆರೆ ಆ ಕಾಲದ ಪಳೆಯುಳಿಕೆ. ಕಾಗದದ ಮೇಲೆ ಎರಡು ಏಟು ಒಂದರ ಮೇಲೊಂದು ಬೀಳುತ್ತವೆ. ತೆರೆಯ ಮೇಲೆ ಹಾಗಾಗುವುದಿಲ್ಲ, ಎರಡನೆಯದು ಮೊದಲನೆಯದನ್ನು ಅಳಿಸಿ ತಾನು ಕೂರುತ್ತದೆ. ಹೀಗಾಗಿ ಆ ಉಪಾಯ ಬೇಗನೆ ಸತ್ತುಹೋಯಿತು.

ಕಂಪ್ಯೂಟರ್ ಸಂಖ್ಯೆಯನ್ನು ತುಂಬಿಡುವ ಪುಟ್ಟ ಖಾನೆಗೆ ಬೈಟು ಎನ್ನುತ್ತಾರೆ. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ 256 ಸಂಖ್ಯೆಗಳಲ್ಲಿ ಯಾವುದಾದರೊಂದು ಹಿಡಿಯುತ್ತದೆ, ಅಂದರೆ ಆಸ್ಕಿ ಮುಟ್ಟದ 128 ಸ್ಥಾನಗಳು ಮೇಲಿನ ಅರ್ಧದಲ್ಲಿ ಖಾಲಿ ಬಿದ್ದಿದ್ದವು. ಖಾಲಿ ಜಾಗ ಕಂಡರೆ ಬೇಲಿ ಹಾಕುವವರು ಎಲ್ಲ ಊರಲ್ಲೂ ಇರುತ್ತಾರೆ. 1987ರಲ್ಲಿ ಬಂದ ಲ್ಯಾಟಿನ್-1 ಎಂಬ ಅಂತಾರಾಷ್ಟ್ರೀಯ ಮಾನಕ ಆ ಜಾಗವನ್ನು ಪಶ್ಚಿಮ ಯುರೋಪಿನ ಭಾಷೆಗಳಿಗೆ ಕೊಟ್ಟಿತು. ಪೋರ್ಚುಗೀಸ್, ಸ್ಪ್ಯಾನಿಷ್, ಜರ್ಮನ್, ಐಸ್‌ಲ್ಯಾಂಡಿನ ಭಾಷೆ ಎಲ್ಲವೂ ಅದರಲ್ಲಿ ಹಿಡಿದವು. ಫ್ರೆಂಚರಿಗೆ ಬೇಕಾದ, ಓ ಮತ್ತು ಇ ಅಂಟಿಕೊಂಡ ಕೂಡಕ್ಷರವೇ ಬಿಟ್ಟುಹೋಯಿತು ಎಂಬುದು ಆ ಸಮಿತಿಯ ದೊಡ್ಡ ಲೋಪ. 1999ರ ಲ್ಯಾಟಿನ್-9ರಲ್ಲಿ ಯೂರೋ ಚಿಹ್ನೆಯ ಜೊತೆಗೆ ಅದನ್ನೂ ಸೇರಿಸಬೇಕಾಯಿತು. ಪೂರ್ವ ಯುರೋಪಿನವರು ಅದೇ ಜಾಗವನ್ನು ತಮ್ಮ ಅಕ್ಷರಗಳಿಗೆ ಹಂಚಿಕೊಂಡು ಲ್ಯಾಟಿನ್-2 ಮಾಡಿಕೊಂಡರು, ತುರ್ಕಿಯವರಿಗಾಗಿ ಲ್ಯಾಟಿನ್-5 ಆಯಿತು.

ಇದರ ಪರಿಣಾಮವನ್ನು ಒಂದೇ ಸಂಖ್ಯೆಯಲ್ಲಿ ನೋಡಬಹುದು. 240 ಎಂಬ ಸಂಖ್ಯೆಯನ್ನು ಲ್ಯಾಟಿನ್-1ರ ಪ್ರಕಾರ ಓದಿದರೆ ಐಸ್‌ಲ್ಯಾಂಡಿನವರ 'ಎಥ್' ಎಂಬ ಅಕ್ಷರ. ಲ್ಯಾಟಿನ್-2ರ ಪ್ರಕಾರ ಓದಿದರೆ ಕ್ರೊಯೇಷಿಯಾದವರ, ಕುತ್ತಿಗೆಗೆ ಅಡ್ಡಗೆರೆ ಹಾಕಿದ ಡಿ. ಲ್ಯಾಟಿನ್-5ರ ಪ್ರಕಾರ ಓದಿದರೆ ತುರ್ಕಿಯವರ, ತಲೆಯ ಮೇಲೆ ಬಟ್ಟಲಿಟ್ಟುಕೊಂಡ ಜಿ. ಮೂವರೂ ಬರೆದದ್ದು ಸರಿ, ಓದಿದ್ದೂ ಸರಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರ ಪಟ್ಟಿ ಹಿಡಿದು ಓದಿದಾಗ ಮಾತ್ರ ಎಡವಟ್ಟು.

ಅದೇ 240ಕ್ಕೆ ನಾಲ್ಕನೆಯ ಅರ್ಥವೊಂದು ಇದೆ, ಅದು ನಮ್ಮದು. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ 240 ಎಂದರೆ ಅರ್ಕಾವತ್ತು. ಎಲ್ಲ ಭಾಷೆಗಳಿಗೂ ಒಂದೇ ಪಟ್ಟಿಯಾದ ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಫಾಂಟುಗಳನ್ನು ಮಾಡಿದವರು ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಬಿಡಿಭಾಗಗಳನ್ನು ಕೂರಿಸಿದರು. ಕಂಪ್ಯೂಟರಿನ ಮಟ್ಟಿಗೆ ಬರೆದದ್ದು ಯುರೋಪಿನ ಅಕ್ಷರಗಳನ್ನೇ, ನೋಡುವವರಿಗೆ ಮಾತ್ರ ಕನ್ನಡ. ಫಾಂಟ್ ಇಲ್ಲದ ಯಂತ್ರದಲ್ಲಿ ಆ ಕಡತವನ್ನು ತೆರೆದರೆ ವೇಷ ಕಳಚುತ್ತದೆ. ಸರಕಾರಿ ಕಚೇರಿಯಿಂದ ಬಂದ ಪತ್ರವನ್ನೋ ಸಂಘದ ವಾರ್ಷಿಕ ವರದಿಯನ್ನೋ ತೆರೆದು, ಕೊಂಬು ಕೋಡು ಮೂಡಿದ ಎ ಅಕ್ಷರಗಳ ಹಿಂಡನ್ನು ಕಂಡು ಕಂಗಾಲಾಗದ ಕನ್ನಡಿಗ ಯಾರಿದ್ದಾನೆ?

ನಮ್ಮ ಶಿರಸಿಯ ಹೆಸರನ್ನು ಈ ವೇಷ ಕಳಚಿದ ಸ್ಥಿತಿಯಲ್ಲಿ ಒಮ್ಮೆ ನೋಡಬೇಕು. 'ಶಿ' ಎಂಬುದು ವರ್ಗ ಸೂಚಿಸಲು ಗಣಿತದಲ್ಲಿ ಬರೆಯುವ ಮೇಲ್‌ಬರಹದ ಪುಟ್ಟ 2. 'ರ' ಎಂಬುದು ಸಣ್ಣ ಜಿ, ಅದರ ಪಕ್ಕದಲ್ಲಿ ತಲೆಕಟ್ಟಿನ ಬದಲು ಎಡಕ್ಕೆ ವಾಲಿದ ಗೀಟು ಹೊತ್ತ ದೊಡ್ಡ ಎ. 'ಸಿ' ಎಂಬುದು ಮೇಲ್‌ಬರಹದ ಪುಟ್ಟ 1. ಹೀಗೆ ಮಾರಿಕಾಂಬೆಯ ಊರು ಬೀಜಗಣಿತದ ಅರ್ಧ ಸೂತ್ರವಾಗಿ ಕಾಣಿಸುತ್ತದೆ. 'ಕನ್ನಡ' ಎಂಬ ಪದದಲ್ಲಿ ನಕಾರದ ಮೈಯಾಗಿ ನಿಂತಿರುವುದು 163, ಅದೇ ಪೌಂಡು. ಅದರ ಕೆಳಗಿನ ನ-ಒತ್ತು 223, ಅಂದರೆ ಜರ್ಮನರು ಜೋಡಿ ಎಸ್ ಬದಲು ಬರೆಯುವ ಅಕ್ಷರ. ಕರೆಯೋಲೆಯ ನೆತ್ತಿಯ ಮೇಲಿನ 'ಶ್ರೀ' ಮೇಲ್‌ಬರಹದ 2, ಎ ಮತ್ತು ಇ ಅಂಟಿಕೊಂಡ ಡೆನ್ಮಾರ್ಕಿನ ಅಕ್ಷರ, ಕೊನೆಗೆ ದೀರ್ಘಕ್ಕಾಗಿ 195, ಅಂದರೆ ಅಲೆಗೆರೆ ಹೊತ್ತ ದೊಡ್ಡ ಎ. ಜುವಾಂವ್ ಅಜ್ಜನ ಲಕೋಟೆಯ ಮೇಲೆ ಕುಳಿತದ್ದು ಈ ದೀರ್ಘ ಮತ್ತು ಈ ನಕಾರವೇ. ಇಪ್ಪತ್ತು ವರ್ಷ ದಿನವೂ ಅಚ್ಚು ಹಾಕಿದ ಎರಡು ಸಂಖ್ಯೆಗಳನ್ನು ಅವುಗಳ ಸ್ವಂತ ಮುಖದಲ್ಲಿ ನಾನು ಗುರುತು ಹಿಡಿಯಲಿಲ್ಲ.

ಈ ಹಳೆಯ ಪದ್ಧತಿಯನ್ನು ಹಳಿಯುವುದು ಈಗ ಸುಲಭ. ಆದರೆ ಆ ಕಾಲದ ಯಂತ್ರಗಳಲ್ಲಿ ಕನ್ನಡ ಅಚ್ಚಾಗಲು ಬೇರೆ ಸುಲಭ ದಾರಿ ಇರಲಿಲ್ಲ, ಸಾವಿರಾರು ಪುಸ್ತಕಗಳು ಹೀಗೆಯೇ ಹೊರಬಂದವು. ಹಾನಿ ಆದದ್ದು ಮುದ್ರಣಕ್ಕಲ್ಲ, ಕಡತಗಳಿಗೆ. ಅವುಗಳಲ್ಲಿ ಇಂದು ಕನ್ನಡ ಪದವೊಂದನ್ನು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅವುಗಳಲ್ಲಿ ಕನ್ನಡವೇ ಇಲ್ಲ.

ಒಂದು ಸಂಖ್ಯೆಗೆ ಜಗತ್ತಿನಲ್ಲೆಲ್ಲ ಒಂದೇ ಅಕ್ಷರ ಇರಲಿ ಎಂಬ ಸಂಕಲ್ಪದಿಂದ ಯುನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂತು. ಮೊದಲ 256 ಸ್ಥಾನಗಳನ್ನು ಲ್ಯಾಟಿನ್-1ರಲ್ಲಿ ಇದ್ದಂತೆಯೇ ಇಟ್ಟುಕೊಂಡರು. ಕನ್ನಡಕ್ಕೂ ಆಗಲೇ 3200ರಿಂದ 3327ರವರೆಗಿನ ಸ್ವಂತ ಮನೆ ಸಿಕ್ಕಿತು. ಅಲೆಗೆರೆಯ ಸಣ್ಣ ಎ ಅಕ್ಷರದ ಯುನಿಕೋಡ್ ಸಂಖ್ಯೆ 227. ಹಾಗಿದ್ದರೆ ಕಡತದಲ್ಲಿ 227 ಇರಬೇಕಿತ್ತಲ್ಲ, 195 ಮತ್ತು 163 ಏಕೆ ಎಂದು ಕೇಳಬಹುದು. ಅಕ್ಷರದ ಸಂಖ್ಯೆ ಬೇರೆ, ಆ ಸಂಖ್ಯೆಯನ್ನು ಬೈಟುಗಳಲ್ಲಿ ತುಂಬಿಡುವ ಕ್ರಮ ಬೇರೆ. ಲಕ್ಷ ದಾಟುವ ಸಂಖ್ಯೆಗಳು ಒಂದು ಬೈಟಿನಲ್ಲಿ ಹಿಡಿಯುವುದಿಲ್ಲ. ಎಲ್ಲ ಅಕ್ಷರಕ್ಕೂ ನಾಲ್ಕು ನಾಲ್ಕು ಬೈಟು ಕೊಟ್ಟರೆ ಇಂಗ್ಲಿಷ್ ಕಡತಗಳು ನಾಲ್ಕು ಪಟ್ಟು ಉಬ್ಬುತ್ತವೆ. ಇದಕ್ಕೆ ಕಂಪ್ಯೂಟರ್ ತಜ್ಞರಾದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನ ಊಟದ ಮೇಜಿನ ಮೇಲೆ, ತಟ್ಟೆಯ ಕೆಳಗೆ ಹಾಸುವ ಕಾಗದದಲ್ಲಿ ಲೆಕ್ಕ ಹಾಕಿ ಕಂಡುಹಿಡಿದ ಉಪಾಯವೇ ಯುಟಿಎಫ್-8.

ಅದರ ಲೆಕ್ಕ ಅಡಿಕೆ ತೂಕದ ಲೆಕ್ಕಕ್ಕಿಂತ ಕಷ್ಟವಲ್ಲ. 128ಕ್ಕಿಂತ ಕಡಿಮೆಯ ಸಂಖ್ಯೆ ಕಂಡರೆ ಅದು ಆಸ್ಕಿ, ಹಾಗೆಯೇ ಓದಬೇಕು. 192ರ ಮೇಲಿನದು ಕಂಡರೆ "ನಾನೊಬ್ಬನೇ ಅಲ್ಲ, ಹಿಂದೆ ಇನ್ನೂ ಬರುತ್ತಿದ್ದಾರೆ" ಎಂದು ಅರ್ಥ. 128ರಿಂದ 191ರವರೆಗಿನವು ಹಾಗೆ ಹಿಂಬಾಲಿಸಿ ಬರುವವು. ನಮ್ಮ 195ರಲ್ಲಿ 192 ಕಳೆದರೆ 3 ಉಳಿಯುತ್ತದೆ. 163ರಲ್ಲಿ 128 ಕಳೆದರೆ 35. ಮೂರನ್ನು 64ರಿಂದ ಗುಣಿಸಿ 35 ಕೂಡಿಸಿದರೆ 227 ಸಿಗುತ್ತದೆ. ವರನ ತಂಗಿಯ ಕಂಪ್ಯೂಟರ್ ಈ ಕ್ರಮದಲ್ಲಿ ಬರೆದಿತ್ತು. ನನ್ನ ಹಳೆಯ ತಂತ್ರಾಂಶಕ್ಕೆ ಯಾರೂ ಅದನ್ನು ಹೇಳಿರಲಿಲ್ಲವಾದ್ದರಿಂದ ಅದು ಪ್ರತಿ ಬೈಟನ್ನೂ ಒಂದೊಂದು ಸ್ವತಂತ್ರ ಅಕ್ಷರವೆಂದು ಓದಿ, 195ಕ್ಕೆ ಅಲೆಗೆರೆಯ ದೊಡ್ಡ ಎ, 163ಕ್ಕೆ ಪೌಂಡು ಎಂದು ಅಚ್ಚು ಹಾಕಿತು. ಆಮದು ಮಾಡುವ ಕಿಟಕಿಯಲ್ಲಿ ಸಂಕೇತಕ್ರಮವನ್ನು ಆರಿಸುವ ಒಂದು ಸಣ್ಣ ಪಟ್ಟಿ ಇತ್ತು, ನಾನದನ್ನು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಲ್ಯಾಟಿನ್-1ರ ಮೇಲಿನ ಅರ್ಧದಲ್ಲಿರುವ ಅಕ್ಷರಗಳಲ್ಲಿ 192ರಿಂದ 255ರವರೆಗಿನವೆಲ್ಲ ಯುಟಿಎಫ್-8ರಲ್ಲಿ 195ರಿಂದಲೇ ಶುರುವಾಗುತ್ತವೆ. ಆದ್ದರಿಂದ ಅಲೆಗೆರೆಯ ದೊಡ್ಡ ಎ ಅಕ್ಷರ ಊರೆಲ್ಲ ಎದ್ದು ಕಂಡರೆ, ಅದರ ಬೆನ್ನಿಗೆ ಪೌಂಡು, ಕೃತಿಸ್ವಾಮ್ಯದ ಚಿಹ್ನೆ ಮುಂತಾದವು ಅಂಟಿಕೊಂಡಿದ್ದರೆ, ಇದೇ ರೋಗ ಎಂದು ಕಣ್ಣುಮುಚ್ಚಿ ಹೇಳಬಹುದು. ಇದು ವಾಸಿಯಾಗುವ ರೋಗ, ಏಕೆಂದರೆ ಬೈಟುಗಳು ಕಳೆದುಹೋಗಿಲ್ಲ. ಸರಿಯಾದ ಕ್ರಮದಲ್ಲಿ ಮತ್ತೊಮ್ಮೆ ಓದಿಸಿದರೆ ಹೆಸರು ಮರಳಿ ಬರುತ್ತದೆ. ಕೆಟ್ಟದ್ದನ್ನು ಹಾಗೆಯೇ ಉಳಿಸಿ, ಇನ್ನೊಂದು ಯಂತ್ರದಲ್ಲಿ ತೆರೆದು, ಅಲ್ಲಿಯೂ ತಪ್ಪಾಗಿ ಓದಿಸಿ ಮತ್ತೆ ಉಳಿಸಿದರೆ ಒಂದು ಅಕ್ಷರ ನಾಲ್ಕಾಗಿ ಬೆಳೆಯುತ್ತದೆ, ಆಗಲೂ ತಾಳ್ಮೆಯಿದ್ದರೆ ಬಿಡಿಸಬಹುದು. ನಾನು ಹೆದರುವುದು ಪ್ರಶ್ನಾರ್ಥಕ ಚಿಹ್ನೆಗೆ. ಅಕ್ಷರದ ಜಾಗದಲ್ಲಿ ಅದು ಬಂದು ಕುಳಿತು ಕಡತವೂ ಹಾಗೆಯೇ ಉಳಿಸಲ್ಪಟ್ಟಿದ್ದರೆ ಮೂಲ ಸಂಖ್ಯೆ ಅಳಿಸಿಹೋಯಿತೆಂದೇ ಲೆಕ್ಕ; ಆಮೇಲೆ ಹೆಸರಿನವರಿಗೆ ಫೋನ್ ಮಾಡಿ ಕೇಳುವುದೊಂದೇ ದಾರಿ.

ಲಕೋಟೆಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿ ಕೊಟ್ಟೆ. ವಧುವಿನ ತಂದೆಗೆ ಮಾತ್ರ ಇನ್ನೊಂದು ಸಂದೇಹ ಉಳಿದಿತ್ತು: ಅಳಿಯನ ಪಾಸ್‌ಪೋರ್ಟಿನ ತಳದ ಎರಡು ಸಾಲುಗಳಲ್ಲಿ ಅಲೆಗೆರೆ ಇಲ್ಲವೇ ಇಲ್ಲ, ಹಾಗಾದರೆ ನಿಜವಾದ ಹೆಸರು ಯಾವುದು? ಆ ಸಾಲುಗಳನ್ನು ಓದುವುದು ಯಂತ್ರ. ಅಂತಾರಾಷ್ಟ್ರೀಯ ನಿಯಮದಂತೆ ಅಲ್ಲಿ ಇಂಗ್ಲಿಷಿನ ಇಪ್ಪತ್ತಾರು ದೊಡ್ಡ ಅಕ್ಷರಗಳು, ಅಂಕಿಗಳು ಮತ್ತು ಖಾಲಿ ತುಂಬುವ ಒಂದು ಚಿಹ್ನೆ ಬಿಟ್ಟು ಬೇರೇನೂ ಬರುವಂತಿಲ್ಲ. ನಿಜವಾದ ಹೆಸರು ಚರ್ಚಿನ ಪುಸ್ತಕದಲ್ಲಿ ಇರುವುದು ಎಂದು ಅವರೇ ತೀರ್ಮಾನಿಸಿಕೊಂಡರು. ಕೊಂಕಣ ತೀರದ ಮಾತನ್ನು ರೋಮನ್ ಅಕ್ಷರಗಳಲ್ಲಿ ಅಚ್ಚು ಹಾಕುವ ತೊಂದರೆಯಾದರೂ ಹೊಸತಲ್ಲ. ಇಂಗ್ಲೆಂಡಿನಿಂದ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕ್ರಿಸ್ತಪುರಾಣ 1616ರಲ್ಲಿ ಗೋವೆಯ ರಾಚೋಲ್‌ನಲ್ಲಿ ಅಚ್ಚಾದಾಗ, ಭಾಷೆ ಮರಾಠಿಯಾಗಿದ್ದರೂ ಮೊಳೆಗಳು ರೋಮನ್ನಿನವೇ ಆಗಿದ್ದವು. ಇಂದಿಗೂ ರೋಮನ್ ಲಿಪಿಯ ಕೊಂಕಣಿಯಲ್ಲಿ ಟಕಾರ ಡಕಾರಗಳನ್ನು ತೋರಿಸಲು ಅಡಿಯಲ್ಲಿ ಚುಕ್ಕೆ ಇಡುವುದಿಲ್ಲ, ಅಕ್ಷರವನ್ನೇ ಎರಡು ಸಲ ಬರೆಯುತ್ತಾರೆ. ಕಸುಬುದಾರನಾಗಿ ನನಗೆ ಆ ಪದ್ಧತಿಯ ಮೇಲೆ ಬಹಳ ಗೌರವ.

ಏಕೆಂದರೆ ಮಳೆಗಾಲ ಹಿಡಿಯುವ ಹೊತ್ತಿಗೆ ಚುಕ್ಕೆಗಳ ಮೂಟೆಯೇ ನನ್ನ ಅಂಗಡಿಗೆ ಬಂತು. ಶಿರಸಿ ಕಡೆಯ, ಕಾಲೇಜಿನಿಂದ ನಿವೃತ್ತರಾದ ಮಾಸ್ತರರೊಬ್ಬರು ಕಾರವಾರದ ಮಗಳ ಮನೆಗೆ ಬಂದಾಗಲೆಲ್ಲ ನನ್ನಲ್ಲಿ ಬರುತ್ತಾರೆ. ಬನವಾಸಿಯ ಕದಂಬರ ಶಾಸನಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ದೀರ್ಘ ಲೇಖನವನ್ನು ಪುಸ್ತಿಕೆಯಾಗಿ ತರಬೇಕೆಂಬುದು ಅವರ ಆಸೆ. ಸಂಸ್ಕೃತದ ಹೆಸರುಗಳನ್ನೆಲ್ಲ ವಿದ್ವಾಂಸರ ರೋಮನ್ ಲಿಪ್ಯಂತರ ಪದ್ಧತಿಯಲ್ಲಿ, ಅಂದರೆ ದೀರ್ಘಕ್ಕೆ ಅಕ್ಷರದ ಮೇಲೊಂದು ಗೆರೆ, ಟಠಡಢಣಗಳಿಗೆ ಅಡಿಯಲ್ಲೊಂದು ಚುಕ್ಕೆ ಇಟ್ಟು, ಒಂದೂ ತಪ್ಪದಂತೆ ಬರೆದಿದ್ದರು. ಮೊದಲ ಪ್ರೂಫ್ ನೋಡಿದವರೇ ಕನ್ನಡಕವನ್ನು ಹಣೆಗೇರಿಸಿ, "ತಮಾ, ಕರ್ಣಾಟದ ಹೊಟ್ಟೆಲಿ ಎರಡು ಡಬ್ಬ ಎಂತಕ್ಕೆ ಇದ್ದೋ?" ಎಂದರು.

ನೋಡಿದರೆ ಣಕಾರದ ಮತ್ತು ಟಕಾರದ ಜಾಗದಲ್ಲಿ ಖಾಲಿ ಚೌಕಗಳು. ಅವುಗಳ ನಡುವೆ ಸಿಕ್ಕಿಕೊಂಡ ದೀರ್ಘ ಆ ಮಾತ್ರ ಸುಖವಾಗಿತ್ತು. ಈ ಸಲ ದೋಷ ಫಾಂಟಿನದೇ. ಪ್ರತಿ ಫಾಂಟಿನೊಳಗೂ ಯಾವ ಯುನಿಕೋಡ್ ಸಂಖ್ಯೆಗೆ ಯಾವ ಚಿತ್ರ ಎಂಬ ಪಟ್ಟಿಯೊಂದು ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಸಂಖ್ಯೆ ಬಂದರೆ ಅದಕ್ಕೆಂದೇ ಇಟ್ಟ ಖಾಲಿ ಚೌಕವನ್ನು ಬಿಡಿಸುತ್ತದೆ. ಕೆಲವು ತಂತ್ರಾಂಶಗಳು ಚೌಕ ತೋರಿಸುವ ಬದಲು ಬೇರೆ ಫಾಂಟಿನಿಂದ ಆ ಒಂದು ಅಕ್ಷರವನ್ನು ಎರವಲು ತರುತ್ತವೆ. ಓದಲು ತೊಂದರೆಯಿಲ್ಲವಾದರೂ ಪುಟದ ಮೇಲೆ ಅದು ಬೇರೆ ಮನೆಯ ಪಾತ್ರೆಯ ಹಾಗೆ ಎದ್ದು ಕಾಣುತ್ತದೆ, ಮತ್ತು ಆತುರದಲ್ಲಿ ಪ್ರೂಫ್ ನೋಡುವವನ ಕಣ್ಣಿಗೆ ಬೀಳದೆ ಪ್ಲೇಟಿನವರೆಗೆ ಹೋಗಿಬಿಡುತ್ತದೆ. ಚೌಕವೇ ವಾಸಿ ಎಂಬುದು ನನ್ನ ಅಭಿಪ್ರಾಯ. ಅದು ತನ್ನ ತಪ್ಪನ್ನು ಮುಚ್ಚಿಡುವುದಿಲ್ಲ.

ದೀರ್ಘ ಆ ಏಕೆ ಉಳಿಯಿತು, ಣಕಾರ ಏಕೆ ಹೋಯಿತು ಎಂಬುದರ ಹಿಂದೆ ಒಂದು ಸ್ವಾರಸ್ಯವಿದೆ. ಮೇಲ್ಗೆರೆ ಹೊತ್ತ ದೊಡ್ಡ ಎ ಅಕ್ಷರದ ಸಂಖ್ಯೆ 256, ಸಣ್ಣದರದು 257. ಲ್ಯಾಟಿನ್-1ರ ಗಡಿ ದಾಟಿದ ಕೂಡಲೇ ಸಿಗುವ ಮೊದಲ ಮನೆಯೇ ಅದು. ಸಂಸ್ಕೃತದ ಮೇಲಿನ ಭಕ್ತಿಯಿಂದ ಕೊಟ್ಟ ಜಾಗವಲ್ಲ. ಲಾಟ್ವಿಯಾದವರು ತಮ್ಮ ದಿನನಿತ್ಯದ ಬರಹದಲ್ಲಿ ದೀರ್ಘ ಸ್ವರಗಳಿಗೆ ಇದೇ ಗೆರೆಯನ್ನು ಬಳಸುತ್ತಾರೆ. ತಾಲವ್ಯ ಶಕಾರಕ್ಕೆ ವಿದ್ವಾಂಸರು ಬರೆಯುವ, ಗೀಟು ಹೊತ್ತ ಎಸ್ ಪೋಲೆಂಡಿನವರದು. ಞಕಾರ ಸ್ಪೇನಿನವರದು. ಯುರೋಪಿನಲ್ಲಿ ಮಾರಾಟವಾಗಬೇಕಾದ ಫಾಂಟಿನಲ್ಲಿ ಇವೆಲ್ಲ ಇರಲೇಬೇಕು, ಅವರ ಪುಣ್ಯದಿಂದ ನಮ್ಮ ಆ, ಈ, ಊ, ಶ, ಞ ಬದುಕಿದವು. ಅಡಿಚುಕ್ಕೆಯ ಎನ್, ಟಿ, ಡಿ ಅಕ್ಷರಗಳಿಗೆ ಯುರೋಪಿನಲ್ಲಿ ಅಂಥ ದೊಡ್ಡ ಗಿರಾಕಿಗಳಿಲ್ಲ. ಅವು ದೂರದ 7680ರಿಂದ 7935ರವರೆಗಿನ ಓಣಿಯಲ್ಲಿವೆ. ಣಕಾರದ ಮನೆ 7751. ಅದೇ ಓಣಿಯ ಕೊನೆಯಲ್ಲಿ ವಿಯೆಟ್ನಾಮಿನವರ ಸ್ವರಗಳಿವೆ, ಒಂದೇ ಅಕ್ಷರದ ಮೇಲೆ ಎರಡೆರಡು ಚಿಹ್ನೆ ಹೊತ್ತವೂ ಅಲ್ಲಿಯೇ. ಆದ್ದರಿಂದ ಓಣಿಯ ಅರ್ಧ ಭಾಗವನ್ನಷ್ಟೇ ಬಿಡಿಸಿ ಇನ್ನರ್ಧವನ್ನು ಕೈಬಿಟ್ಟ ಫಾಂಟುಗಳೂ ಇವೆ. ಓಣಿಯ ಹೆಸರು ಪಟ್ಟಿಯಲ್ಲಿದೆ ಎಂದು ನಂಬದೆ ಬೇಕಾದ ಅಕ್ಷರವನ್ನೇ ಬರೆದು ನೋಡಬೇಕು.

ಎಲ್ಲ ಚುಕ್ಕೆಗಳೂ ಇರುವ ಬೇರೊಂದು ಫಾಂಟ್ ಹಾಕಿದೆ, ಚೌಕಗಳು ಮಾಯವಾದವು. ಮಾಸ್ತರರಿಗೆ ಸಮಾಧಾನವಾಗಲಿಲ್ಲ. ಬನವಾಸಿಗೆ ಶಾಸನಗಳಲ್ಲಿ ವೈಜಯಂತೀ ಎಂಬ ಹೆಸರೂ ಇದೆ. ಆ ಪದ ಬಂದ ಪುಟಗಳ ಸೂಚಿ ಬೇಕೆಂದರು. ಹುಡುಕಿಸಿದರೆ ಹನ್ನೊಂದು ಕಡೆ ಸಿಕ್ಕಿತು. ಅವರು ಪೆನ್ಸಿಲಿನಲ್ಲಿ ಎಣಿಸಿದ್ದು ಹತ್ತೊಂಬತ್ತು.

ಭೂತಗನ್ನಡಿ ಹಿಡಿದು ಎರಡು ವೈಜಯಂತಿಯರನ್ನು ಅಕ್ಕಪಕ್ಕ ಇಟ್ಟಾಗ ಗುಟ್ಟು ತಿಳಿಯಿತು. ಒಂದರ ಕೊನೆಯ ದೀರ್ಘ ಈ ಚೊಕ್ಕವಾಗಿತ್ತು: ಐ ಅಕ್ಷರದ ಕಂಬ, ಅದರ ಮೇಲೆ ಗೆರೆ. ಇನ್ನೊಂದರಲ್ಲಿ ಕಂಬಕ್ಕೂ ಗೆರೆಗೂ ನಡುವೆ ಐ ಅಕ್ಷರದ ಹುಟ್ಟುಚುಕ್ಕೆ ಹಾಗೆಯೇ ಉಳಿದು ಗೆರೆಗೆ ಅಂಟಿಕೊಂಡು, ಶಾಯಿ ಕಲೆಯ ಹಾಗೆ ಕಾಣುತ್ತಿತ್ತು. ಯುನಿಕೋಡಿನಲ್ಲಿ ಈ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯಬಹುದು. ಗೆರೆಯೊಡನೆ ಅಚ್ಚಾದ ಇಡೀ ಅಕ್ಷರಕ್ಕೆ 299 ಎಂಬ ಒಂದೇ ಸಂಖ್ಯೆ ಇದೆ. ಇಲ್ಲವೇ ಮೊದಲು ಸಾದಾ ಐ, ಅದರ ಹಿಂದೆ 772 ಎಂಬ ಬಿಡಿ ಮೇಲ್ಗೆರೆ. ಬಿಡಿಚಿಹ್ನೆ ಯಾವಾಗಲೂ ಅಕ್ಷರದ ನಂತರ ಬರುತ್ತದೆ, ಬಂದು ಹಿಂದಿನದರ ಮೇಲೆ ಏರಿ ಕೂರುತ್ತದೆ. ಟೈಪ್‌ರೈಟರ್ ಕಾಲದ ಎರಡೇಟಿನ ಉಪಾಯವೇ ಹೀಗೆ ಪುನರ್ಜನ್ಮ ಪಡೆದಿದೆ. ಮೇಲೊಂದು ಚಿಹ್ನೆ ಬಂದಾಗ ಐ ತನ್ನ ಹುಟ್ಟುಚುಕ್ಕೆಯನ್ನು ಬಿಟ್ಟುಕೊಡಬೇಕೆಂಬುದು ನಿಯಮ, ಆದರೆ ಅದನ್ನು ಪಾಲಿಸಬೇಕಾದದ್ದು ಫಾಂಟ್. ಅಕ್ಷರದ ಯಾವ ಬಿಂದುವಿಗೆ ಚಿಹ್ನೆಯ ಯಾವ ಬಿಂದು ಕೂಡಬೇಕು ಎಂಬ ಲಂಗರುಗಳನ್ನು ಫಾಂಟ್ ಮಾಡಿದವರು ಹಾಕಿಟ್ಟಿರಬೇಕು. ಹಾಕಿರದಿದ್ದರೆ ಬೈತ್‌ಖೋಲ್ ಬಂದರಿನಲ್ಲಿ ಹಗ್ಗ ಕಟ್ಟದ ದೋಣಿಯಂತೆ ಚಿಹ್ನೆ ಎತ್ತಲೋ ತೇಲುತ್ತದೆ.

ಮಾಸ್ತರರು ಕೆಲವು ಪುಟಗಳನ್ನು ಸ್ವತಃ ಟೈಪು ಮಾಡಿದ್ದರು, ಕೆಲವನ್ನು ಬೇರೆ ಪಿಡಿಎಫ್‌ಗಳಿಂದ ನಕಲಿಸಿ ತಂದಿದ್ದರು. ಮೊದಲಿನವುಗಳಲ್ಲಿ ಇಡಿ ಅಕ್ಷರ, ಎರಡನೆಯವುಗಳಲ್ಲಿ ಬಿಡಿ ಅಕ್ಷರ. ಕಣ್ಣಿಗೆ ಎರಡೂ ಒಂದೇ. ಹುಡುಕುವ ಯಂತ್ರಕ್ಕೆ ಒಂದು ಸಂಖ್ಯೆ ಎರಡು ಸಂಖ್ಯೆಗಳಿಗೆ ಸಮವಾಗುವುದಿಲ್ಲ. ಇದು ಲ್ಯಾಟಿನ್ ಅಕ್ಷರಗಳ ಹಣೆಬರಹ ಮಾತ್ರವೂ ಅಲ್ಲ. 'ಕೊಂಕಣಿ' ಎಂಬ ಪದದ ಮೊದಲ ಅಕ್ಷರವನ್ನು ಕಕಾರ ಮತ್ತು ಒತ್ವದ ಒಂದು ಸಂಖ್ಯೆಯಿಂದಲೂ ಬರೆಯಬಹುದು, ಕಕಾರ, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಸಾಲಾಗಿ ಇಟ್ಟೂ ಬರೆಯಬಹುದು. ತೆರೆಯ ಮೇಲೆ ಅದೇ ಕೊ ಮೂಡುತ್ತದೆ. ಇವೆರಡನ್ನೂ ಒಂದೇ ಎಂದು ಪರಿಗಣಿಸಬೇಕೆಂದು ಯುನಿಕೋಡ್ ಸಾರಿದೆ, ಬಿಡಿಯನ್ನು ಇಡಿಯಾಗಿಯೋ ಇಡಿಯನ್ನು ಬಿಡಿಯಾಗಿಯೋ ಏಕರೂಪಕ್ಕೆ ತರುವ ವಿಧಿಗಳನ್ನೂ ಹಾಕಿಕೊಟ್ಟಿದೆ. ಆ ವಿಧಿಯನ್ನು ನಡೆಸುವ ಸಣ್ಣ ತಂತ್ರಾಂಶವೊಂದಕ್ಕೆ ಇಡೀ ಲೇಖನವನ್ನು ಕೊಟ್ಟು ಎಲ್ಲವನ್ನೂ ಇಡಿ ಅಕ್ಷರಗಳಾಗಿ ಮಾಡಿಸಿದೆ.

ಋಕಾರ ಮಾತ್ರ ಆ ವಿಧಿಗೆ ಬಗ್ಗಲಿಲ್ಲ. ಹಳೆಯ ಪದ್ಧತಿಯಲ್ಲಿ ಅದು ಅಡಿಚುಕ್ಕೆಯ ಆರ್. ಆದರೆ ಹಿಂದಿಯಂಥ ಭಾಷೆಗಳ ಇನ್ನೊಂದು ಡಕಾರಕ್ಕೂ ಅದೇ ಅಕ್ಷರ ಬಳಕೆಯಾಗುವುದರಿಂದ, 2001ರ ಐಎಸ್‌ಒ 15919 ಎಂಬ ಮಾನಕ ಋಕಾರಕ್ಕೆ ಚುಕ್ಕೆಯ ಬದಲು ಅಡಿಯಲ್ಲೊಂದು ಪುಟ್ಟ ಉಂಗುರ ತೊಡಿಸಿತು. ಕನ್ನಡ ಬರೆಯುವವರಿಗೆ ಇದರಿಂದ ಉಪಕಾರವೇ ಆಗಿದೆ. ಹಳೆಯ ಪದ್ಧತಿಯಲ್ಲಿ ಌಕಾರಕ್ಕೆ ಸಲ್ಲುತ್ತಿದ್ದ ಅಡಿಚುಕ್ಕೆಯ ಎಲ್ ಈಗ ನಮ್ಮ ಳಕಾರಕ್ಕೆ ಬಂದಿದೆ, ಏ ಮತ್ತು ಓಗಳಿಗೂ ಮೇಲ್ಗೆರೆ ಇರುವುದರಿಂದ ಹ್ರಸ್ವ ಎ, ಒಗಳೊಡನೆ ಗೊಂದಲವಿಲ್ಲ. ಆದರೆ ಉಂಗುರ ತೊಟ್ಟ ಆರ್ ಅಕ್ಷರಕ್ಕೆ ಯುನಿಕೋಡಿನಲ್ಲಿ ಇಡಿ ಸಂಖ್ಯೆ ಇಲ್ಲ. ಬಿಡಿಭಾಗಗಳಿಂದ ಕಟ್ಟಬಹುದಾದ ಅಕ್ಷರಕ್ಕೆ ಹೊಸದಾಗಿ ಇಡಿ ಸಂಖ್ಯೆ ಕೊಡುವುದಿಲ್ಲವೆಂದು ಅವರು ನಿಶ್ಚಯಿಸಿಬಿಟ್ಟಿದ್ದಾರೆ, ಕೊಟ್ಟರೆ ಈಗಾಗಲೇ ಏಕರೂಪಗೊಂಡ ಕಡತಗಳೆಲ್ಲ ಕೆಡುತ್ತವೆ. ಹಾಗಾಗಿ ಆರ್ ಬರೆದು 805 ಎಂಬ ಉಂಗುರ ಬರೆಯಬೇಕು, ಉಂಗುರ ಬೆರಳಿಗೆ ಸರಿಯಾಗಿ ಕೂತಿದೆಯೇ ಎಂದು ಪ್ರತಿ ಪುಟದಲ್ಲಿ ನೋಡಬೇಕು. ಓರೆ ಅಕ್ಷರದ ಅಡಿಟಿಪ್ಪಣಿಗಳಲ್ಲಿ ಉಂಗುರ ಬಲಕ್ಕೆ ಸರಿದು ಮುಂದಿನ ಅಕ್ಷರದ ಕಾಲಿಗೆ ತಾಗಿತ್ತು. ಹದಿನಾಲ್ಕು ಕಡೆ ಕೈಯಿಂದಲೇ ಸರಿಸಿದೆ.

ಏಕರೂಪ ಮಾಡಿದ ಮೇಲೆ ವೈಜಯಂತಿಯನ್ನು ಮತ್ತೆ ಹುಡುಕಿಸಿದೆ. ಹದಿನೆಂಟು ಕಡೆ ಸಿಕ್ಕಿತು. ಹತ್ತೊಂಬತ್ತನೆಯದು ಎಲ್ಲಿ ಹೋಯಿತೆಂದು ಮತ್ತೆ ಸಂಖ್ಯೆಗಳ ಕಡತವನ್ನು ಬಿಚ್ಚಿ ಒಂದೊಂದೇ ಪುಟ ನೋಡುತ್ತ ಹೋದರೆ, ಕೊನೆಯ ಅಧ್ಯಾಯದಲ್ಲಿ ಅದು ಸಾದಾ ಐ ಅಕ್ಷರದಿಂದ ಕೊನೆಗೊಂಡು ಕುಳಿತಿತ್ತು. ಹಿಂದೆ 772 ಇಲ್ಲ, 299 ಅಲ್ಲ, ಬರಿಯ 105. ಆ ಪುಟ ಪಿಡಿಎಫ್‌ನಿಂದ ಬಂದದ್ದಲ್ಲ, ಮಾಸ್ತರರೇ ಟೈಪು ಮಾಡಿದ್ದು. ಅದನ್ನು ಅವರಿಗೆ ಬಾಯಿಬಿಟ್ಟು ಹೇಳುವ ಧೈರ್ಯ ನನಗಾಗಲಿಲ್ಲ. ಪ್ರೂಫಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪುಟ್ಟ ಗೆರೆ ಎಳೆದು, ಉಳಿದ ಹಾಳೆಗಳ ನಡುವೆ ಸೇರಿಸಿ ಕೊಟ್ಟೆ. ಎರಡು ದಿನದ ಮೇಲೆ ಬಂದು, ಆ ಹಾಳೆಯನ್ನು ಮೇಜಿನ ಮೇಲಿಟ್ಟು, "ಇದೊಂದು ಕಂಪ್ಯೂಟರಿಂದು ಅಲ್ಲ ತಮಾ," ಎಂದು ತಾವೇ ಹೇಳಿದರು.